ಹೊಸ ಊರಿಗೆ ಬಂದ ಶಿಕ್ಷಕರಿಗೆ ಆ ಊರನ್ನು ಕಲಿಸುವವರು ಯಾರು?

ಮಾನ್ಯ ಸಂಪಾದಕರೇ,

ಶಿಕ್ಷಕರ ವರ್ಗಾವಣೆಯ ಕೌನ್ಸೆಲಿಂಗ್ ಶುರುವಾದರೆ ಪತ್ರಿಕೆಗಳಲ್ಲಿ ದಿನಕ್ಕೊಂದು ಸುದ್ದಿ ಬರುತ್ತದೆ. ಎಲ್ಲಿ ಹುದ್ದೆ ಖಾಲಿ ಇದೆ, ಯಾವ ತಾಲೂಕು ಯಾರಿಗೆ ಸಿಕ್ಕಿತು, ಯಾರಿಗೆ ಅನ್ಯಾಯವಾಯಿತು. ಇವೆಲ್ಲ ಬೇಕಾದ ಸುದ್ದಿಗಳೇ. ಆದರೆ ಆ ಶಿಕ್ಷಕರು ಹೊಸ ಊರಿನಲ್ಲಿ ಬಸ್ಸಿನಿಂದ ಇಳಿದ ಮೇಲೆ ಏನು ಅಂತ ಯಾರೂ ಬರೆಯುವುದಿಲ್ಲ. ಆ ಊರಿನ ಜನ ಏನು ಬೆಳೆಯುತ್ತಾರೆ, ನೀರು ಎಲ್ಲಿಂದ ಬರುತ್ತದೆ, ಯಾವ ತಿಂಗಳು ಮನೆಯಲ್ಲಿ ದುಡ್ಡು ಓಡಾಡುತ್ತದೆ, ಯಾವ ತಿಂಗಳು ಕೈ ಖಾಲಿ, ಮಕ್ಕಳು ಮನೆಯಲ್ಲಿ ಯಾವ ಮಾತು ಆಡುತ್ತಾರೆ. ಇದನ್ನು ಶಿಕ್ಷಕರಿಗೆ ಹೇಳಿಕೊಡುವ ಏರ್ಪಾಡು ನಮ್ಮಲ್ಲಿ ಇಲ್ಲ. ಅದು ಬೇಕು ಅಂತ ಕೇಳುವುದಕ್ಕೆ ಈ ಪತ್ರ.

ನಾನು ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕಿನವಳು. ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ಅಳಿವೆಯ ಪಕ್ಕದ ಒಂದು ಪ್ರೌಢಶಾಲೆಯಲ್ಲಿ ಹಲವು ವರ್ಷಗಳಿಂದ ವಿಜ್ಞಾನ ಮತ್ತು ಗಣಿತ ಕಲಿಸುತ್ತಿದ್ದೇನೆ. ನಮ್ಮ ಕಡೆ ಎರೆ ಹೊಲ, ಜೋಳ, ಶೇಂಗಾ. ಹಳ್ಳದ ನೀರು ಒಂದೇ ದಿಕ್ಕಿಗೆ ಹರಿಯುತ್ತದೆ, ಅದೂ ಮಳೆ ಬಂದರೆ. ಇಲ್ಲಿ ಹೊಳೆ ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಶಿರಸಿ ಕಡೆಯ ಘಟ್ಟದಿಂದ ಇಳಿದು ಬರುವ ಸಿಹಿನೀರು, ತದಡಿಯ ಬಾಯಿಯಿಂದ ಒಳಗೆ ನುಗ್ಗುವ ಉಪ್ಪುನೀರು, ಎರಡೂ ನಮ್ಮ ಶಾಲೆಯ ಹತ್ತಿರವೇ ಕೂಡುತ್ತವೆ. ಈ ಊರಿನ ಬದುಕೆಲ್ಲ ಆ ಏರಿಳಿತದ ಮೇಲೆ ನಿಂತಿದೆ. ನಾನು ಇಲ್ಲಿಗೆ ಬಂದಾಗ ನನ್ನ ಕೈಗೆ ಸಿಕ್ಕಿದ್ದು ವೇಳಾಪಟ್ಟಿ, ಪಠ್ಯಪುಸ್ತಕ ಮತ್ತು ಹಾಜರಿ ಪುಸ್ತಕ.

ಆ ಹಾಜರಿ ಪುಸ್ತಕವೇ ನನಗೆ ಊರಿನ ಮೊದಲ ಪಾಠ ಹೇಳಿತು. ಎಂಟನೇ, ಒಂಬತ್ತನೇ ತರಗತಿಯ ಕೆಲವು ಹುಡುಗಿಯರು ಕೆಲವು ದಿನ ತಡವಾಗಿ ಬರುತ್ತಿದ್ದರು. ಬಂದವರು ತೂಕಡಿಸುತ್ತಿದ್ದರು. ಬೇರೆ ದಿನ ಅವರೇ ಎಲ್ಲರಿಗಿಂತ ಮೊದಲು ಗೇಟಿನ ಹತ್ತಿರ ನಿಂತಿರುತ್ತಿದ್ದರು. ಬೈದರೆ ಉತ್ತರ ಇಲ್ಲ. ತಡವಾದ ದಿನಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಹೋದೆ. ಆಮೇಲೆ ಸ್ಟಾಫ್ ರೂಮಿನ ಗೋಡೆಯ ಮೇಲಿದ್ದ ಕ್ಯಾಲೆಂಡರಿನ ಪಕ್ಕ ಇಟ್ಟು ನೋಡಿದೆ. ಎಲ್ಲವೂ ಅಮಾವಾಸ್ಯೆ, ಹುಣ್ಣಿಮೆಯ ಸುತ್ತಮುತ್ತಲಿನ ದಿನಗಳೇ. ಆ ದಿನಗಳಲ್ಲಿ ನೀರು ಬಹಳ ಕೆಳಗೆ ಇಳಿಯುತ್ತದೆ. ಬೆಳಗಿನ ಇಳಿತಕ್ಕೆ ಹೆಂಗಸರು ಹೊಳೆಗೆ ಇಳಿದು ಬಳಚು, ಅಂದರೆ ಚಿಪ್ಪುಮೀನು, ಆರಿಸುತ್ತಾರೆ. ಅಮ್ಮನ ಜೊತೆ ಮಗಳೂ ಹೋಗುತ್ತಾಳೆ. ಸೊಂಟದವರೆಗಿನ ನೀರಿನಲ್ಲಿ ನಿಂತು, ಕಾಲಿನಿಂದ ತಡವಿ, ಕೈಯಿಂದ ಎತ್ತಿ ಬುಟ್ಟಿ ತುಂಬಿಸಿ, ಮನೆಗೆ ಬಂದು ಸ್ನಾನ ಮಾಡಿ ಶಾಲೆಗೆ ಓಡಿ ಬರುತ್ತಾಳೆ. ಅಷ್ಟು ಹೊತ್ತಿಗೆ ಪ್ರಾರ್ಥನೆ ಮುಗಿದಿರುತ್ತದೆ.

ಇದು ಊರಿನಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಶಾಲೆಯ ಒಳಗೆ ಮಾತ್ರ ಗೊತ್ತಿರಲಿಲ್ಲ. ಇದೇ ತರ ಇನ್ನೊಂದಿದೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ದೋಣಿ ಕೆಲಸದ ಮನೆಗಳಲ್ಲಿ ಆ ಎರಡು ತಿಂಗಳು ಸಂಪಾದನೆ ಇಲ್ಲ. ನಾವು ನೋಟ್‌ಬುಕ್, ಜಾಮೆಟ್ರಿ ಬಾಕ್ಸ್, ಛತ್ರಿ ಅಂತ ಪಟ್ಟಿ ಕೊಡುವುದು ಸರಿಯಾಗಿ ಅದೇ ಜೂನಿನಲ್ಲಿ. ಬಯಲುಸೀಮೆಯಲ್ಲಿ ಕಷ್ಟದ ತಿಂಗಳುಗಳು ಬೇರೆ. ಊರು ಗೊತ್ತಿದ್ದರೆ ಪಟ್ಟಿಯನ್ನು ಆಗಸ್ಟಿಗೆ ತಳ್ಳಬಹುದು. ಅದಕ್ಕೆ ಸರ್ಕಾರದ ಆದೇಶ ಬೇಡ, ದುಡ್ಡೂ ಬೇಡ. ಯಾರಾದರೂ ಒಬ್ಬರು ಶಿಕ್ಷಕರಿಗೆ ಹೇಳಿದರೆ ಸಾಕು.

ಈಗ ಪಾಠದ ವಿಷಯಕ್ಕೆ ಬರುತ್ತೇನೆ. ಉಬ್ಬರ-ಇಳಿತದ ಬಗ್ಗೆ ಪುಸ್ತಕಗಳಲ್ಲಿ ಇರುವುದಿಷ್ಟು. ಚಂದ್ರನ ಸೆಳೆತದಿಂದ ಆಗುತ್ತದೆ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ನಮ್ಮ ವಿದ್ಯಾರ್ಥಿನಿಯೊಬ್ಬಳ ಅಜ್ಜಿಯನ್ನು ಒಂದು ದಿನ ತರಗತಿಗೆ ಕರೆದೆ. ಇಲ್ಲಿನ ಹಾಲಕ್ಕಿ ಸಮುದಾಯದ ಅಜ್ಜಿ, ಜೀವನವಿಡೀ ಬಳಚು ಆರಿಸಿದವರು. ಬೆಂಚಿನ ಮೇಲೆ ಕೂರಲು ಒಪ್ಪದೆ ಬಾಗಿಲ ಹತ್ತಿರ ಕೂತರು. ನೀರು ಇಳಿಯುವ ಹೊತ್ತು ಹೇಗೆ ಗೊತ್ತಾಗುತ್ತದೆ ಅಂತ ಕೇಳಿದೆ. "ಗಡಿಯಾರ ನೋಡ್ಕಂಡು ಹೊಳೆಗೆ ಇಳಿಯೂಕೆ ಆತದ್ಯಾ ಅಕ್ಕೋರೇ? ತಿಥಿ ನೋಡೂಕು" ಅಂದರು. ಅಮಾವಾಸ್ಯೆಯ ದಿನ ಭರತ (ಉಬ್ಬರ) ಎಷ್ಟು ಹೊತ್ತಿಗೆ ಅಂತ ತಿಳಿದಿದ್ದರೆ ಸಾಕಂತೆ. ಆಮೇಲೆ ಒಂದೊಂದು ತಿಥಿಗೆ ಎರಡೆರಡು ಗಳಿಗೆ ಮುಂದೆ ಹಾಕುತ್ತಾ ಹೋಗುವುದು. ಅಷ್ಟಮಿ ಹೊತ್ತಿಗೆ ನೀರು ಜಾಸ್ತಿ ಏರುವುದೂ ಇಲ್ಲ, ಜಾಸ್ತಿ ಇಳಿಯುವುದೂ ಇಲ್ಲ. ಆ ದಿನ ಹೊಳೆಗೆ ಹೋದರೆ ಸುಮ್ನೆ ಕಾಲು ನೋವು.

ಮಕ್ಕಳಿಗೆ ಲೆಕ್ಕ ಮಾಡಿ ಅಂದೆ. ಒಂದು ಗಳಿಗೆ 24 ನಿಮಿಷ. ಎರಡು ಗಳಿಗೆ 48 ನಿಮಿಷ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ 30 ತಿಥಿ. 30ನ್ನು 2ರಿಂದ ಗುಣಿಸಿದರೆ 60 ಗಳಿಗೆ, ಅಂದರೆ ಸರಿಯಾಗಿ ಒಂದು ದಿನ. ಚಂದ್ರ ಒಂದು ಸುತ್ತು ಮುಗಿಸುವಷ್ಟರಲ್ಲಿ ಭರತವೂ ಒಂದು ದಿನ ಪೂರ್ತಿ ಹಿಂದೆ ಬಿದ್ದು ಮತ್ತೆ ಮೊದಲ ಹೊತ್ತಿಗೆ ಬಂದು ನಿಲ್ಲುತ್ತದೆ. ಹದಿನೈದು ತಿಥಿಗೆ 30 ಗಳಿಗೆ, ಅರ್ಧ ದಿನ. ಅದಕ್ಕೇ ಹುಣ್ಣಿಮೆಯ ಭರತದ ಹೊತ್ತೂ ಅಮಾವಾಸ್ಯೆಯ ಹೊತ್ತೂ ಹೆಚ್ಚುಕಮ್ಮಿ ಒಂದೇ. ಹಾಗಾದರೆ ಪುಸ್ತಕದ 50 ನಿಮಿಷ ಎಲ್ಲಿಂದ ಬಂತು ಅಂತ ಒಬ್ಬ ಹುಡುಗ ಕೇಳಿದ. ಚಂದ್ರ ನಮ್ಮ ತಲೆಯ ಮೇಲೆ ಬಂದು ಹೋಗಿ ಮತ್ತೆ ತಲೆಯ ಮೇಲೆ ಬರಲು ಸುಮಾರು 24 ಗಂಟೆ 50 ನಿಮಿಷ ಬೇಕು, ಪುಸ್ತಕ ಆ ಲೆಕ್ಕ ಹಿಡಿಯುತ್ತದೆ. ಅಜ್ಜಿಯದು ತಿಥಿಯ ಲೆಕ್ಕ, ತಿಥಿ ದಿನಕ್ಕಿಂತ ಸ್ವಲ್ಪ ಚಿಕ್ಕದು. ಎರಡೂ ಸರಿ. ಗಾಳಿ, ಮಳೆ, ಹೊಳೆಯ ನೆರೆಯಿಂದ ಸ್ವಲ್ಪ ಆಚೀಚೆ ಆಗುತ್ತದೆ ಎಂಬುದನ್ನೂ ಅಜ್ಜಿಯೇ ಹೇಳಿದರು. ಆ ದಿನ ಗುಣಾಕಾರ, ಚಂದ್ರನ ಚಲನೆ, ಗುರುತ್ವ, ಎಲ್ಲ ಒಟ್ಟಿಗೆ ಬಂದವು. ಯಾವಾಗಲೂ ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುತ್ತಿದ್ದ ಅಜ್ಜಿಯ ಮೊಮ್ಮಗಳು ಬೋರ್ಡಿನ ಹತ್ತಿರ ಬಂದು, ಚೌತಿಯ ದಿನ ನೀರು ಇಳಿಯುವುದು ಎಷ್ಟು ಗಂಟೆಗೆ ಅಂತ ಬರೆದು ತೋರಿಸಿದಳು. ಪೇಟೆಯ ಕಡೆಯಿಂದ ಬರುವ ಹುಡುಗರು ಅವಳ ನೋಟ್‌ಬುಕ್ ಕೇಳಿ ತೆಗೆದುಕೊಂಡರು.

ಇನ್ನು ಗಜನಿ. ಹೊಳೆಯಂಚಿನ ತಗ್ಗಿನ ಗದ್ದೆಗಳಿಗೆ ಇಲ್ಲಿ ಹಾಗೆನ್ನುತ್ತಾರೆ. ಸುತ್ತ ಒಡ್ಡು, ಒಡ್ಡಿನಲ್ಲಿ ಅಲ್ಲಲ್ಲಿ ಹಲಗೆಯ ಬಾಗಿಲು. ಆ ಬಾಗಿಲಿಗೆ ಜಂತ್ರಡಿ ಅಂತ ಹೆಸರು. ಮಳೆಗಾಲದ ಹೊತ್ತಿಗೆ ಹಲಗೆ ಹಾಕಿ ಉಪ್ಪುನೀರು ತಡೆಯುತ್ತಾರೆ. ಮಳೆ ಮಣ್ಣಿನ ಉಪ್ಪನ್ನು ತೊಳೆಯುತ್ತದೆ. ಆಮೇಲೆ ಕಗ್ಗ ಭತ್ತವನ್ನು ಮೊಳಕೆ ಬರಿಸಿ ಬಿತ್ತುತ್ತಾರೆ. ಎತ್ತರಕ್ಕೆ ಬೆಳೆಯುವ ತಳಿ ಅದು. ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಸಾಯುವುದಿಲ್ಲ, ಸ್ವಲ್ಪ ಉಪ್ಪುನೀರು ನುಗ್ಗಿದರೂ ತಾಳಿಕೊಳ್ಳುತ್ತದೆ. ಗೊಬ್ಬರ, ಔಷಧಿಯ ಗೊಡವೆ ಇಲ್ಲ. ಕೊಯ್ಲಿಗೆ ತೆನೆ ಮಾತ್ರ ಕತ್ತರಿಸಿ, ಹುಲ್ಲನ್ನು ಗದ್ದೆಯಲ್ಲೇ ಬಿಡುತ್ತಾರೆ. ಆಮೇಲೆ ಜಂತ್ರಡಿ ತೆರೆದರೆ ಭರತದ ಜೊತೆ ಸಿಗಡಿ, ಮೀನು, ಏಡಿ ಒಳಗೆ ಬರುತ್ತವೆ. ಕೊಳೆತ ಹುಲ್ಲಿನ ನಡುವೆ ಅವು ಬೆಳೆಯುತ್ತವೆ. ಮೀನು ಹಿಡಿಯುವ ಹಕ್ಕನ್ನು ಹರಾಜು ಹಾಕಿ, ಬಂದ ಹಣವನ್ನು ಗದ್ದೆಯ ಅಳತೆಗೆ ತಕ್ಕಂತೆ ಹಂಚಿಕೊಳ್ಳುತ್ತಾರೆ.

ಇದರಲ್ಲಿ ಒಬ್ಬ ರೈತ ತನ್ನಷ್ಟಕ್ಕೆ ತಾನು ಏನೂ ಮಾಡುವ ಹಾಗಿಲ್ಲ. ಒಬ್ಬರು ಬೇಗ ಬಾಗಿಲು ತೆಗೆದರೆ ಎಲ್ಲರ ಪೈರಿಗೂ ಉಪ್ಪುನೀರು. ಒಂದು ಕಡೆ ಒಡ್ಡು ಒಡೆದರೆ ಎಲ್ಲರೂ ಹೋಗಿ ಕಟ್ಟಬೇಕು. 1990ರ ದಶಕದಲ್ಲಿ ಸಿಗಡಿ ಕೃಷಿಯ ಭರಾಟೆ ಬಂದಾಗ ಎಷ್ಟೋ ಗಜನಿಗಳಲ್ಲಿ ಭತ್ತ ನಿಂತುಹೋಯಿತು. ಸಿಗಡಿಗೆ ರೋಗ ಬಂತು. 1996ರ ಡಿಸೆಂಬರಿನಲ್ಲಿ ಕರಾವಳಿಯ ಸಿಗಡಿ ಕೃಷಿಯ ಬಗ್ಗೆ ಸುಪ್ರೀಂ ಕೋರ್ಟಿನ ತೀರ್ಪೂ ಬಂತು. ಭತ್ತ ಬಿಟ್ಟ ಕಡೆ ಒಡ್ಡು ನೋಡಿಕೊಳ್ಳುವವರೂ ಇಲ್ಲವಾದರು. ಮಾಣಿಕಟ್ಟಾದಂತಹ ಕೆಲವು ಊರುಗಳಲ್ಲಿ ಮಾತ್ರ ಜನ ಒಟ್ಟಾಗಿ ಕಗ್ಗವನ್ನು ಉಳಿಸಿಕೊಂಡಿದ್ದಾರೆ.

ಒಂಬತ್ತನೇ ತರಗತಿಯ ಜೀವಕೋಶದ ಪಾಠದಲ್ಲಿ ಅಭಿಸರಣ, ಅಂದರೆ ಪೊರೆಯ ಮೂಲಕ ನೀರು ಒಳಗೆ ಹೊರಗೆ ಹೋಗುವುದು, ಬರುತ್ತದೆ. ಒಣದ್ರಾಕ್ಷಿಯನ್ನು ನೀರಿಗೆ ಹಾಕಿ ಉಬ್ಬಿಸಿ, ಗಟ್ಟಿ ಉಪ್ಪುನೀರಿಗೆ ಹಾಕಿ ಸುಕ್ಕುಗಟ್ಟಿಸುವ ಪ್ರಯೋಗ. ಒಳ್ಳೆಯ ಪ್ರಯೋಗವೇ, ನಾನೂ ಮಾಡಿಸುತ್ತೇನೆ. ಆದರೆ ಶಾಲೆಯ ಕಿಟಕಿಯ ಆಚೆ ಉಪ್ಪುನೀರಿನಲ್ಲಿ ಬೇರೆ ಭತ್ತ ಬಾಡಿ, ಕಗ್ಗ ಮಾತ್ರ ಹಸಿರಾಗಿ ನಿಂತಿರುವಾಗ ಒಣದ್ರಾಕ್ಷಿಗೇ ಪಾಠ ನಿಲ್ಲಿಸುವುದು ಹೇಗೆ? ಹತ್ತನೇ ತರಗತಿಯ ಆಹಾರ ಸರಪಳಿಗೆ ಗಜನಿಯ ಹುಲ್ಲು, ಸಿಗಡಿ, ಮೀನು, ಕೊಕ್ಕರೆ ಸಾಲದೇ? ಹರಾಜಿನ ಹಣ ಹಂಚುವುದಕ್ಕಿಂತ ಒಳ್ಳೆಯ ಅನುಪಾತದ ಲೆಕ್ಕ ಯಾವ ಪುಸ್ತಕದಲ್ಲಿದೆ? ಹೊಳೆಯ ಆಚೆ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರಗಳಿವೆ. ಬಿಸಿಲು, ಆವಿ, ಹರಳು, ಎಲ್ಲ ಅಲ್ಲಿ ಕಣ್ಣ ಮುಂದೆ. ಪಕ್ಕದ ಅಂಕೋಲೆಯಲ್ಲಿ 1930ರ ಏಪ್ರಿಲ್ 13ರಂದು ಉಪ್ಪಿನ ಸತ್ಯಾಗ್ರಹ ನಡೆಯಿತು. ನಮ್ಮ ಮಕ್ಕಳು ದಂಡಿಯ ಬಗ್ಗೆ ಐದು ಅಂಕದ ಉತ್ತರ ಬರೆಯುತ್ತಾರೆ. ಅಂಕೋಲೆಯ ಬಗ್ಗೆ ಒಂದು ಸಾಲು ಬರೆಯಲು ತಡವರಿಸುತ್ತಾರೆ.

ಇಷ್ಟೆಲ್ಲ ಓದಿ ಕೆಲವರಿಗೆ ಒಂದು ಪ್ರಶ್ನೆ ಬರಬಹುದು. ನನಗೆ ಅದನ್ನು ಕೇಳಿದ್ದು ಒಬ್ಬ ತಂದೆ. ಮಕ್ಕಳನ್ನು ಜಂತ್ರಡಿ ನೋಡಲು ಕರೆದುಕೊಂಡು ಹೋದ ಮರುದಿನ ಅವರು ಶಾಲೆಗೆ ಬಂದರು. ದೋಣಿಯ ಕೆಲಸದವರು. ಜಗಳಕ್ಕೆ ಬಂದವರಲ್ಲ, ಬೇಜಾರಾಗಿತ್ತು ಅಷ್ಟೇ. "ಅಕ್ಕೋರೇ, ಕೆಸರಲ್ಲಿ ನಿಂತು ನಮ್ಗೆ ಸಾಕಾಗಿದೆ. ಮಕ್ಕಳು ನಿಲ್ಲೂದು ಬ್ಯಾಡ ಅಂತ್ಲೇ ನಿಮ್ಮ ಹತ್ರ ಕಳ್ಸೂದು. ನೀವೂ ಅಲ್ಲಿಗೇ ಕರ್ಕಂಡ್ ಹೋದ್ರೆ ಹೆಂಗೆ?" ಅಂದರು.

ಈ ಮಾತನ್ನು ಹಗುರಾಗಿ ತೆಗೆದುಕೊಳ್ಳಬಾರದು. ಸ್ಥಳೀಯ ಜ್ಞಾನ, ಊರಿನ ಕಸುಬು ಅಂತ ಮಾತಾಡುವ ಎಷ್ಟೋ ಜನರ ಮಕ್ಕಳು ಪೇಟೆಯ ಇಂಗ್ಲಿಷ್ ಶಾಲೆಗಳಲ್ಲಿ ಓದುತ್ತಾರೆ. ಬಡವರ ಮಕ್ಕಳಿಗೆ ಮಾತ್ರ ಮಣ್ಣು, ಮಗ್ಗ, ಬುಟ್ಟಿ ಅಂತಾದರೆ ಅದು ಶಿಕ್ಷಣವಲ್ಲ, ಇದ್ದಲ್ಲೇ ಕಟ್ಟಿಹಾಕುವುದು. 1937ರಲ್ಲಿ ಗಾಂಧೀಜಿ ವಾರ್ಧಾದಲ್ಲಿ ಕೈಕಸುಬಿನ ಮೂಲಕ ಶಿಕ್ಷಣ ಅಂತ ಮುಂದಿಟ್ಟಾಗಲೂ ಈ ಅನುಮಾನ ಎದ್ದಿತ್ತು. ಹಳ್ಳಿಯವರಿಗೆ ನೂಲು, ಪಟ್ಟಣದವರಿಗೆ ಕಾಲೇಜು ಎನ್ನುವಂತೆ ಆಗುತ್ತದೋ ಏನೋ ಎಂಬ ಭಯ. ಆ ಭಯಕ್ಕೆ ಕಾರಣವಿತ್ತು. ಜಾತಿಯ ಕಸುಬಿನಿಂದ ಬಿಡಿಸಿಕೊಳ್ಳಲು ಶಾಲೆಯನ್ನೇ ನಂಬಿಕೊಂಡ ಜನಕ್ಕೆ, ಶಾಲೆಯೇ ಮತ್ತೆ ಆ ಕಸುಬಿನ ಕಡೆ ಕೈ ತೋರಿಸಿದರೆ ಹೇಗನ್ನಿಸುತ್ತದೆ?

ಆ ತಂದೆಗೆ ನಾನು ಹೇಳಿದ್ದು ಇದು. ನಿಮ್ಮ ಮಗಳಿಗೆ ನಾನು ಬಳಚು ಆರಿಸಲು ಕಲಿಸುತ್ತಿಲ್ಲ. ಅದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಅವಳಿಗೆ ಗೊತ್ತಿರುವುದರಲ್ಲಿ ಗಣಿತ ಇದೆ, ಭೌತಶಾಸ್ತ್ರ ಇದೆ ಅಂತ ತೋರಿಸುತ್ತಿದ್ದೇನೆ. ನಾಳೆ ಅವಳು ಮಂಗಳೂರಿಗೆ ಓದಲು ಹೋಗಲಿ, ಬೆಂಗಳೂರಿನಲ್ಲಿ ಕೆಲಸ ಹಿಡಿಯಲಿ. ನಿಮ್ಮ ಊರಲ್ಲಿ ಏನಿದೆ ಅಂತ ಯಾರಾದರೂ ಕೇಳಿದರೆ ಏನೂ ಇಲ್ಲ ಅನ್ನಬಾರದು. ಅವರು ಪೂರ್ತಿ ಒಪ್ಪಲಿಲ್ಲ. ಇಂಗ್ಲಿಷ್ ಪೀರಿಯಡ್ ಮಾತ್ರ ಇದಕ್ಕಾಗಿ ಕಡಿಮೆ ಮಾಡಬೇಡಿ ಅಂದರು. ನ್ಯಾಯವಾದ ಮಾತು. ಹೊರಗೆ ಹೋಗುವುದನ್ನು ಶನಿವಾರಕ್ಕೆ ಇಟ್ಟುಕೊಂಡೆವು. ಪೇಟೆಯ ಖಾಸಗಿ ಶಾಲೆಗಳ ಮಕ್ಕಳನ್ನೂ ಗಜನಿಗೆ ಕರೆತರಬೇಕು ಎಂಬುದು ಅವರ ಮಾತಿನಿಂದಲೇ ನನಗೆ ಇನ್ನೂ ಗಟ್ಟಿಯಾಯಿತು. ಊರಿನ ಅನ್ನ, ಮೀನು ಅವರ ತಟ್ಟೆಗೂ ಹೋಗುತ್ತದೆ ಅಲ್ವಾ?

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ರೂಢಿ ನಮ್ಮಲ್ಲಿದೆ. ಊರನ್ನು ವೇದಿಕೆಗೆ ಹತ್ತಿಸಿ ಕೈತೊಳೆದುಕೊಳ್ಳುವುದು. ಪ್ರತಿಭಾ ಕಾರಂಜಿ ಬಂತೆಂದರೆ ಹಾಲಕ್ಕಿ ಸೀರೆ, ಕೊರಳು ತುಂಬ ಮಣಿಸರಕ್ಕೆ ಹುಡುಕಾಟ ಶುರು. ಛದ್ಮವೇಷಕ್ಕೂ ಅದೇ, ಜಾನಪದ ನೃತ್ಯಕ್ಕೂ ಅದೇ. ಬಹುಮಾನ ಬರುತ್ತದೆ, ಫೋಟೊ ಬರುತ್ತದೆ. ಸೀರೆ, ಮಣಿ ಕೊಟ್ಟ ಅಜ್ಜಿ ಗೇಟಿನ ಹೊರಗೆ ಕಾದು, ವಾಪಸ್ ತೆಗೆದುಕೊಂಡು ಮನೆಗೆ ಹೋಗುತ್ತಾರೆ. ಅವರನ್ನು ತರಗತಿಗೆ ಕರೆದು, ನಿಮ್ಮ ಗದ್ದೆಯಲ್ಲಿ ಏನೇನು ಬೆಳೆಯುತ್ತೀರಿ, ಯಾವ ಸೊಪ್ಪು ಯಾವುದಕ್ಕೆ ಮದ್ದು ಅಂತ ಕೇಳುವುದಿಲ್ಲ.

ನಮ್ಮ ಜಿಲ್ಲೆಯ ಇಬ್ಬರು ಹಿರಿಯರು ಈಚೆಗೆ ತೀರಿಕೊಂಡರು. ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರು 2024ರ ಡಿಸೆಂಬರಿನಲ್ಲಿ, ಬಡಿಗೇರಿಯ ಸುಕ್ರಿ ಬೊಮ್ಮಗೌಡರು 2025ರ ಫೆಬ್ರವರಿಯಲ್ಲಿ. ಇಬ್ಬರೂ ಹಾಲಕ್ಕಿಗಳು, ಇಬ್ಬರಿಗೂ ಪದ್ಮಶ್ರೀ. ಇಬ್ಬರೂ ಶಾಲೆಯಲ್ಲಿ ಓದಿ ದೊಡ್ಡವರಾದವರಲ್ಲ. ತುಳಸಿ ಗೌಡರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ದುಡಿದವರು. ಯಾವ ತಾಯಿಮರದ ಬೀಜ ಒಳ್ಳೆಯದು, ಯಾವಾಗ ಆರಿಸಬೇಕು, ಹೇಗೆ ಮೊಳೆಸಬೇಕು ಅಂತ ಕಾಡಿನ ಮರಗಳ ಬಗ್ಗೆ ಅವರಿಗೆ ಗೊತ್ತಿದ್ದಷ್ಟು ಗೊತ್ತಿದ್ದವರು ಕಡಿಮೆ. ಸುಕ್ರಜ್ಜಿಯ ಬಾಯಲ್ಲಿ ನೂರಾರು ಹಾಡುಗಳಿದ್ದವು. ಊರಲ್ಲಿ ಸಾರಾಯಿಯ ವಿರುದ್ಧ ಹೆಂಗಸರನ್ನು ಕಟ್ಟಿದವರು ಅವರು. ಪ್ರಶಸ್ತಿ ಬಂದ ಮೇಲೆ ಇಬ್ಬರನ್ನೂ ಎಷ್ಟೋ ಸಮಾರಂಭಗಳಿಗೆ ಕರೆದರು. ಶಾಲು ಹೊದೆಸಿದರು, ಹಾರ ಹಾಕಿದರು. ಒಂದು ವರ್ಷ ಪೂರ್ತಿ ವಾರಕ್ಕೊಂದು ದಿನ ನಮ್ಮ ಮಕ್ಕಳಿಗೆ ಬೀಜದ ಪಾಠ ಮಾಡಿ ಅಂತ ತುಳಸಿ ಗೌಡರನ್ನು ಕೇಳುವ ಏರ್ಪಾಡು ನಮ್ಮ ಶಾಲಾ ವ್ಯವಸ್ಥೆಯಲ್ಲಿ ಇರಲಿಲ್ಲ. ನನಗೆ ಇದು ಬಹಳ ನೋವಿನ ವಿಷಯ. ಅವರ ಹಾಗೆ ತಿಳಿದವರು ಪ್ರಶಸ್ತಿಯ ಕಣ್ಣಿಗೆ ಬೀಳದೆ ಈಗಲೂ ಊರೂರಿನಲ್ಲಿ ಇದ್ದಾರೆ. ವಯಸ್ಸಾಗುತ್ತಿದೆ ಅವರಿಗೆ.

ಅಘನಾಶಿನಿ ಅಳಿವೆಯನ್ನು 2024ರ ಜನವರಿಯಲ್ಲಿ ರಾಮ್ಸಾರ್ ಜೌಗುಪ್ರದೇಶ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ, ಅಂತ ಘೋಷಿಸಿದರು. ಅದೇ ಪಟ್ಟಿಯಲ್ಲಿ ನಮ್ಮ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಯೂ, ವಿಜಯನಗರ ಜಿಲ್ಲೆಯ ಅಂಕಸಮುದ್ರವೂ ಇದ್ದವು. ಹುಟ್ಟಿದ ತಾಲೂಕು, ಕೆಲಸ ಮಾಡುವ ತಾಲೂಕು ಎರಡೂ ಒಂದೇ ದಿನ ಸುದ್ದಿಯಾದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಹಗಲು ಕೆರೆಯಲ್ಲಿ ಇರುತ್ತವೆ, ಮೇಯಲು ಸುತ್ತಲಿನ ಹೊಲಗಳಿಗೆ ಇಳಿಯುತ್ತವೆ. ರೈತರು ಅವುಗಳ ಜೊತೆ ಹೊಂದಿಕೊಂಡು ಬದುಕಿದ್ದಾರೆ. ಆ ಹೊಂದಾಣಿಕೆ ಇಲ್ಲದಿದ್ದರೆ ಯಾವ ಘೋಷಣೆಯಿಂದಲೂ ಹಕ್ಕಿ ಉಳಿಯುವುದಿಲ್ಲ.

ಆದರೆ ಶಾಲೆಗಳಿಗೆ ರಾಮ್ಸಾರ್ ಬಂದದ್ದು ರಸಪ್ರಶ್ನೆಯಾಗಿ. ಕರ್ನಾಟಕದ ರಾಮ್ಸಾರ್ ತಾಣಗಳನ್ನು ಹೆಸರಿಸಿ: ರಂಗನತಿಟ್ಟು, ಅಂಕಸಮುದ್ರ, ಅಘನಾಶಿನಿ, ಮಾಗಡಿ. ನಮ್ಮ ಮಕ್ಕಳು ಪಟಪಟ ಹೇಳುತ್ತಾರೆ. ಅಘನಾಶಿನಿ ಯಾಕೆ ಆ ಪಟ್ಟಿಯಲ್ಲಿದೆ ಅಂದರೆ ಸುಮ್ಮನಾಗುತ್ತಾರೆ. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಬಗ್ಗೆ ಕೇಳಿದರೆ ಸುಂದರಬನದ ಹುಲಿಯಿಂದ ಶುರು ಮಾಡುತ್ತಾರೆ. ಮನೆಯ ಹಿಂದೆಯೇ ಕಾಂಡ್ಲಾ ಗಿಡಗಳ ಬೇರು ಕೆಸರಿನಿಂದ ಮೇಲೆದ್ದು ನಿಂತಿರುತ್ತವೆ, ಅದರ ನಡುವೆ ಏಡಿ ಹಿಡಿದು ಬೆಳೆದ ಮಕ್ಕಳು ಇವರು. ಅದು ಪರೀಕ್ಷೆಗೆ ಬರುವ ವಿಷಯ ಅಂತ ಅವರಿಗೆ ಅನ್ನಿಸಿಯೇ ಇಲ್ಲ. ಅವರ ತಪ್ಪೇನಿದೆ?

ಅಂಕದ ಚಿಂತೆ ಇರುವವರಿಗೂ ಒಂದು ಮಾತು. ಒಮ್ಮೆ ಶಾಲೆ ನೋಡಲು ಬಂದಿದ್ದ ಒಬ್ಬ ಅಧಿಕಾರಿ, ಹೊರಗೆ ತಿರುಗಾಡಿಸಿದರೆ ಸಿಲಬಸ್ ಮುಗಿಯುವುದು ಯಾವಾಗ ಅಂತ ಎಲ್ಲರೆದುರು ಕೇಳಿದರು. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಉತ್ತರ ಕನ್ನಡ ಶೈಕ್ಷಣಿಕ ಜಿಲ್ಲೆ ರಾಜ್ಯಕ್ಕೆ ಮೂರನೆಯದು. ನಮ್ಮ ಮಕ್ಕಳು ಓದುವುದರಲ್ಲಿ ಹಿಂದಿಲ್ಲ. ಹೊಳೆಯ ಹತ್ತಿರ ನೋಡಿದ್ದನ್ನು ಪರೀಕ್ಷೆಯಲ್ಲಿ ಮರೆಯುವುದೂ ಇಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೊದಲು ಹೇಳುವುದೇ ಶಾಲೆಯ ಕಲಿಕೆಯನ್ನು ಹೊರಗಿನ ಬದುಕಿಗೆ ಜೋಡಿಸಬೇಕು ಅಂತ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಬಡಗಿ, ಕುಂಬಾರ, ತೋಟಗಾರರ ಹತ್ತಿರ ಕಲಿಯಲು ಹತ್ತು ದಿನ ಬ್ಯಾಗ್ ಇಲ್ಲದೆ ಕಳಿಸಿ ಅಂತ ಇದೆ. ನಮ್ಮ ರಾಜ್ಯ ತನ್ನದೇ ನೀತಿ ಬೇಕು ಅಂತ 2023ರಲ್ಲಿ ಆಯೋಗ ಮಾಡಿತು. ಯಾವ ನೀತಿ ಬಂದರೂ ನನ್ನ ತಕರಾರಿಲ್ಲ. ಅಜ್ಜಿಯನ್ನು ತರಗತಿಗೆ ಕರೆಯಲು ಅದರಲ್ಲಿ ಜಾಗ ಇರಬೇಕು, ಕರೆದ ಶಿಕ್ಷಕಿಗೆ ಎಲ್ಲರೆದುರು ಪ್ರಶ್ನೆ ಬರಬಾರದು.

ಈ ಜಿಲ್ಲೆಗೆ ಇದು ತೀರಾ ಹೊಸ ವಿಚಾರವೂ ಅಲ್ಲ. ದಿನಕರ ದೇಸಾಯಿಯವರು ಮೊದಲು ಗೇಣಿ ರೈತರನ್ನು ಸಂಘಟಿಸಿದರು, ಆಮೇಲೆ 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಈ ಕರಾವಳಿಯ ಹಳ್ಳಿಗಳಿಗೆ ಹೈಸ್ಕೂಲು ತಂದರು. ಗೇಣಿದಾರರ ಮಕ್ಕಳು ಶಾಲೆಯೊಳಗೆ ಬಂದರು. ಅವರ ತಂದೆತಾಯಿಯ ತಿಳಿವಳಿಕೆ ಒಳಗೆ ಬರುವುದು ಇನ್ನೂ ಬಾಕಿ ಇದೆ.

ನಾನು ಕೇಳುವುದು ದೊಡ್ಡ ಯೋಜನೆ ಅಲ್ಲ. ವರ್ಗವಾಗಿ ಅಥವಾ ಹೊಸದಾಗಿ ನೇಮಕವಾಗಿ ಬಂದ ಶಿಕ್ಷಕರಿಗೆ ಮೊದಲ ತಿಂಗಳಲ್ಲಿ ಕೆಲವು ದಿನ ಊರು ಸುತ್ತಲು ಬಿಡಿ. ಶಾಲಾಭಿವೃದ್ಧಿ ಸಮಿತಿಯವರೇ (ಎಸ್‌ಡಿಎಂಸಿ) ಕರೆದುಕೊಂಡು ಹೋಗಲಿ. ಗದ್ದೆ, ಹೊಳೆ, ಬಂದರು, ಮೀನು ಪೇಟೆ, ದೇವಸ್ಥಾನ, ದರ್ಗಾ, ಕೇರಿ, ಎಲ್ಲ ತೋರಿಸಲಿ. ಅದನ್ನು ಕರ್ತವ್ಯದ ದಿನ ಅಂತಲೇ ಲೆಕ್ಕ ಹಾಕಿ. ನಮ್ಮ ಕಡೆಯ ಶಿಕ್ಷಕರಿಗೆ ತರಬೇತಿ ಕೊಡುವ ಸಂಸ್ಥೆ, ಡಯಟ್, ಕುಮಟಾದಲ್ಲೇ ಇದೆ. ಗಜನಿಗಳು ಅಲ್ಲಿಂದ ದೂರವಿಲ್ಲ. ತರಬೇತಿಯ ಒಂದು ದಿನವನ್ನು ಸಭಾಂಗಣದ ಬದಲು ಒಡ್ಡಿನ ಮೇಲೆ ನಡೆಸಬಹುದು, ಪಾಠ ಹೇಳಲು ಕಗ್ಗ ಬೆಳೆಯುವ ರೈತರನ್ನೇ ಕರೆಯಬಹುದು. ಬ್ಯಾಗ್ ಇಲ್ಲದ ‘ಸಂಭ್ರಮ ಶನಿವಾರ’ ಈಗಾಗಲೇ ಇದೆ. ಆ ದಿನ ಏನು ಮಾಡಬೇಕು ಅಂತ ಇಡೀ ರಾಜ್ಯಕ್ಕೆ ಒಂದೇ ಹಾಳೆ ಕಳಿಸುವ ಬದಲು ಕೆಲವು ಶನಿವಾರಗಳನ್ನು ಊರಿಗೆ ಬಿಟ್ಟುಕೊಡಿ. ಕಗ್ಗದ ಕೊಯ್ಲಿನ ಹೊತ್ತಿಗೆ ಒಂದು, ಉಪ್ಪಿನ ಆಗರದ ಕೆಲಸ ಶುರುವಾದಾಗ ಒಂದು. ಶಿರಹಟ್ಟಿಯಲ್ಲಾದರೆ ಹೆಬ್ಬಾತು ಬಂದಾಗ ಒಂದು.

ಕೊನೆಯದಾಗಿ ದುಡ್ಡಿನ ಮಾತು, ಇದನ್ನು ಯಾರೂ ಎತ್ತುವುದಿಲ್ಲ. ತರಗತಿಗೆ ಬಂದ ಅಜ್ಜಿಗೆ ಆ ದಿನದ ಇಳಿತ ತಪ್ಪಿತು. ಒಂದು ಇಳಿತ ತಪ್ಪಿದರೆ ಒಂದು ದಿನದ ಸಂಪಾದನೆ ಹೋದ ಹಾಗೆ. ನಾವು ಟೀ ಕೊಟ್ಟು, ಕೈಮುಗಿದು ಕಳಿಸಿದೆವು. ಹೊರಗಿನಿಂದ ಬರುವ ಸಂಪನ್ಮೂಲ ವ್ಯಕ್ತಿಗಳಿಗೆ ಗೌರವಧನ, ಪ್ರಯಾಣ ಭತ್ಯೆ ಇರುತ್ತದೆ. ಊರಿನವರು ಬಂದು ಪಾಠ ಹೇಳಿದರೆ ಅದು ಸೇವೆ ಅಂತಾಗುತ್ತದೆ. ಹೀಗಾಗಬಾರದು. ಪದವಿ ಪ್ರಮಾಣಪತ್ರ ಕೇಳದೆ, ಎಸ್‌ಡಿಎಂಸಿ ಗುರುತಿಸಿದ ಊರಿನ ತಿಳಿದವರಿಗೆ ಶಾಲಾ ಅನುದಾನದಿಂದ ಗೌರವಧನ ಕೊಡಲು ಇಲಾಖೆ ಒಂದು ಸುತ್ತೋಲೆ ಹೊರಡಿಸಲಿ. ಮೊತ್ತ ಕನಿಷ್ಠ ಉದ್ಯೋಗ ಖಾತರಿಯ ಒಂದು ದಿನದ ಕೂಲಿಗಿಂತ ಕಡಿಮೆ ಇರಬಾರದು, ಮತ್ತು ಅದು ಅದೇ ದಿನ ಅವರ ಕೈಗೆ ಸಿಗಬೇಕು. ಮುಂದಿನ ಜೂನಿಗೆ ಶಾಲೆಗಳ ವಾರ್ಷಿಕ ಕ್ರಿಯಾಯೋಜನೆ ತಯಾರಾಗುವ ಮೊದಲೇ ಈ ಸುತ್ತೋಲೆ ಬಂದರೆ ನಮ್ಮಂತಹ ಶಾಲೆಗಳಿಗೆ ಅನುಕೂಲ.

– ಒಬ್ಬ ಪ್ರೌಢಶಾಲಾ ಶಿಕ್ಷಕಿ, ಕುಮಟಾ ತಾಲೂಕು, ಉತ್ತರ ಕನ್ನಡ